ಮಾದಪ್ಪ ಬಾವಿಯಲ್ಲಿದ್ದಾಗ ಮೋಟಾರಿಗೆ ಹೇಳಿದವರು ಯಾರು?

ಒಂದು ಕೆಲಸವನ್ನು ಇನ್ನೊಬ್ಬರಿಗೆ ಹೇಳಿಬಿಟ್ಟರೆ ಅರ್ಧ ಮುಗಿದಂತೆ, ಅವರು ‘ಆಗಲಿ’ ಎಂದರೆ ಪೂರ್ತಿ ಮುಗಿದಂತೆ ಎಂದು ನಾನು ಬಹಳ ಕಾಲ ನಂಬಿದ್ದೆ. ಲೆಕ್ಕದ ಮೇಷ್ಟ್ರಾಗಿ, ಆಮೇಲೆ ಮುಖ್ಯೋಪಾಧ್ಯಾಯನಾಗಿದ್ದವನಿಗೆ ಈ ನಂಬಿಕೆ ಬೇಗ ಅಂಟುತ್ತದೆ. ಸೀಮೆಸುಣ್ಣ ತರಿಸಿ ಎಂದು ನಾನು ಸಹಶಿಕ್ಷಕರಿಗೆ ಹೇಳುತ್ತಿದ್ದೆ, ಅವರು ಗುಮಾಸ್ತರಿಗೆ, ಗುಮಾಸ್ತರು ಜವಾನರಿಗೆ. ಒಮ್ಮೆ ಇಡೀ ವಾರ ಸೀಮೆಸುಣ್ಣವಿಲ್ಲದೆ ಪಾಠ ನಡೆಯಿತು. ವಿಚಾರಿಸಿದರೆ ಎಲ್ಲರೂ ಹೇಳಿದ್ದರು, ತಂದವರು ಮಾತ್ರ ಯಾರೂ ಇರಲಿಲ್ಲ. ಆಗ ನಕ್ಕು ಮರೆತೆ. ಸೀಮೆಸುಣ್ಣದಿಂದ ಯಾರ ಬೆರಳೂ ಹೋಗುವುದಿಲ್ಲ.

ನಿವೃತ್ತನಾಗಿ ಪಣಕಹಳ್ಳಿಯ ಹೊಲಕ್ಕೆ ಬಂದ ಮೇಲೆ ನನ್ನ ಕೈಕೆಳಗೆ ಯಾರೂ ಇಲ್ಲವೆಂಬ ಕೊರಗು ಹತ್ತಿತು. ನನ್ನ ಹೆಂಡತಿ ಯಾರ ಕೈಕೆಳಗೂ ಇರುವವಳಲ್ಲ. ಕೊನೆಗೆ ಸಿಕ್ಕಿದ್ದು ಮೂರು ತಂತ್ರಾಂಶಗಳು. ಮೊದಲನೆಯದು ಫೋನಿನಲ್ಲಿದೆ, ನಾನು ಬಾಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಎರಡನೆಯದು ಯಾವ ಹೊತ್ತಿಗೆ ಯಾವ ಪಾತಿಗೆ ನೀರು ಎಂದು ಸರದಿ ಗೊತ್ತು ಮಾಡುತ್ತದೆ. ಮೂರನೆಯದು ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕುಳಿತು ಮೋಟಾರು ನಡೆಸುತ್ತದೆ. ಮೂರೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ನನ್ನನ್ನು ಕೇಳದೆ ತೀರ್ಮಾನಿಸುತ್ತವೆ. ಹಳೆಯ ಶಾಲೆಯೇ ಮರಳಿ ಸಿಕ್ಕಿದಂತಿತ್ತು.

ಮೋಟಾರನ್ನು ಪಂಪಿಗೆ ಜೋಡಿಸುವ ಕಪ್ಲಿಂಗ್ ರಬ್ಬರು ಸವೆದಿತ್ತು. ಮೋಟಾರು ಇರುವುದು ತೆರೆದ ಬಾವಿಯೊಳಗೆ, ನೀರಿಗಿಂತ ಒಂದಾಳು ಮೇಲಿನ ಕಟ್ಟೆಯ ಮೇಲೆ. ರಬ್ಬರು ಬದಲಿಸಲು ಮೋಟಾರು ರಿಪೇರಿಯ ಮಾದಪ್ಪ ಬಂದ. ಇಳಿಯುವ ಮುಂಚೆ ನನ್ನ ಮುಖ ನೋಡಿ, “ಮೇಷ್ಟ್ರೇ, ಮೋಟ್ರು ಆಫ್ ಮಾಡ್ಬುಡಿ. ನನ್ ಕೈ ಒಳಗಿರ್ತದೆ, ಪೊರುಪ್ಪು ನಿಮ್ದು” ಅಂದ. ಜವಾಬ್ದಾರಿಗೆ ನಮ್ಮ ಕಡೆ ತಮಿಳಿನ ಆ ಮಾತೇ ಬಳಕೆ.

“ಆಗಲಿ ಮಾದಣ್ಣ” ಎಂದೆ. ಶೆಡ್ಡಿನಲ್ಲಿರುವ ಸ್ಟಾರ್ಟರ್ ಪೆಟ್ಟಿಗೆ ನಾನು ನಿಂತ ಜಾಗದಿಂದ ಹತ್ತು ಹೆಜ್ಜೆ. ಆಮೇಲೆ ಎಣಿಸಿ ನೋಡಿದ್ದೇನೆ. ಆದರೆ ನಾನು ಹುಣಸೆಯ ನೆರಳಲ್ಲಿ ಕುಳಿತು ಫೋನಿಗೆ ಹೇಳಿದೆ: ಮಾದಪ್ಪ ಬಾವಿಯಲ್ಲಿದ್ದಾನೆ, ನಾನು ಹೇಳುವವರೆಗೂ ಮೋಟಾರು ಓಡಬಾರದು. “ಆಗಲಿ, ತಿಳಿಸಿದ್ದೇನೆ” ಎಂದಿತು ಫೋನು.

ಹತ್ತು ಗಂಟೆಯ ನೀರಿನ ಸರದಿ ಸದ್ದಿಲ್ಲದೆ ಕಳೆಯಿತು. ನನಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬಾವಿಯೊಳಗಿನಿಂದ ಸ್ಪ್ಯಾನರಿನ ಸದ್ದು ಬರುತ್ತಲೇ ಇತ್ತು. ಕರೆಂಟು ಮತ್ತೆ ಬಂದಾಗ ಶೆಡ್ಡಿನ ಬಲ್ಬು ಹತ್ತಿಕೊಂಡಿತು. ಹಿಂದೆಯೇ ಸ್ಟಾರ್ಟರ್ ‘ಟಕ್’ ಎಂದಿತು. ಕೈಯಲ್ಲಿದ್ದ ಫೋನು ಸೌಜನ್ಯದಿಂದ, “ಮೋಟಾರು ಶುರು ಮಾಡಲಾಗಿದೆ” ಎಂದು ಹೇಳಿತು.

ಸ್ಪ್ಯಾನರಿನ ಸದ್ದು ನಿಂತಿತು.

ಆಗ ನಾನು ಮಾಡಿದ್ದನ್ನು ಇದ್ದಂತೆ ಬರೆಯುತ್ತೇನೆ. ನಾನು ಪೆಟ್ಟಿಗೆಯ ಕಡೆ ಓಡಲಿಲ್ಲ. ಬಾವಿಯ ಕಡೆಯೂ ಓಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು, “ನಿಲ್ಲಿಸು! ನಿಲ್ಲಿಸು!” ಎಂದು ಕಿರುಚಿದೆ. “ಖಂಡಿತ, ಸಂಬಂಧಪಟ್ಟವರಿಗೆ ತಿಳಿಸುತ್ತೇನೆ” ಎಂದಿತು. ಆಮೇಲೆ ಕಾಲುಗಳು ಎದ್ದವು. ಬಾವಿಯ ಅಂಚಿಗೆ ಹೋಗಿ ಬಗ್ಗಿದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿಲ್ಲ.

“ಏನ್ ಮೇಷ್ಟ್ರೇ, ಯಾರ್ನ ಬಯ್ತಿದ್ದೀರಿ?” ಎಂದಿತು ಕೆಳಗಿನ ದನಿ. “‘ಟಕ್’ ಅಂದಾಗ್ಲೇ ಕೆಲ್ಸ ನಿಲ್ಸಿ ಕೇಳ್ತಾ ಕುಂತಿವ್ನಿ.”

ಮೇಲೆ ಬಂದವನು ಪಂಚೆಯ ಮಡಿಲಿನಿಂದ ಮೂರು ಪಿಂಗಾಣಿ ಫ್ಯೂಸು ತೆಗೆದು ತೋರಿಸಿದ. ಮೋಟಾರಿಗೆ ಹೋಗುವ ತಂತಿಯ ಫ್ಯೂಸುಗಳು; ಅವಿಲ್ಲದೆ ಸ್ಟಾರ್ಟರ್ ‘ಟಕ್’ ಎಂದರೂ ಮೋಟಾರು ತಿರುಗದು. ಬಾವಿಗೆ ಇಳಿಯುವವನು ಅವನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿಯುವುದು ಮೋಟಾರು ರಿಪೇರಿಯವರ ಪದ್ಧತಿಯಂತೆ. ಮೇಲಿರುವವನು ನಂಬಿಕಸ್ಥನಾದರೆ ಅವನ ಕೈಗೆ ಕೊಡುವುದೂ ಉಂಟಂತೆ. ನನ್ನ ‘ಆಗಲಿ’ಯನ್ನು ಕೇಳಿಯೂ ಮಾದಪ್ಪ ನನಗೆ ಕಾಣದಂತೆ ಶೆಡ್ಡಿಗೆ ಹೋಗಿ ಬಂದಿದ್ದ. ನನಗೆ ನೋವಾಗಬಾರದೆಂದು!

ಅವನು ಬೀಡಿ ಹಚ್ಚಿದ. ನಾನು ಆ ಮೂರು ತಂತ್ರಾಂಶಗಳ ನಡುವಿನ ಸಂದೇಶಗಳನ್ನು ಫೋನಿನಲ್ಲಿ ತೆಗೆದು ಓದಿದೆ. ಮೊದಲನೆಯದು ಎರಡನೆಯದಕ್ಕೆ ‘ಮೋಟಾರು ಬೇಡ’ ಎಂದಿತ್ತು. ಬಾವಿಯಲ್ಲಿ ಮನುಷ್ಯನಿರುವುದನ್ನು ಹೇಳಿರಲಿಲ್ಲ. ಎರಡನೆಯದು ಮೂರನೆಯದಕ್ಕೆ ‘ಹತ್ತು ಗಂಟೆಯ ಸರದಿ ಬೇಡ’ ಎಂದಿತ್ತು. ಮೂರನೆಯದು ಹತ್ತಕ್ಕೆ ಸುಮ್ಮನಿದ್ದು, ತಪ್ಪಿದ ಸರದಿಯನ್ನು ಕರೆಂಟು ಬಂದ ಕೂಡಲೇ ನಿಷ್ಠೆಯಿಂದ ತೀರಿಸಲು ಹೋಗಿತ್ತು. ಮೂರರ ಮುಂದೆಯೂ ‘ಕೆಲಸ ಪೂರ್ಣ’ ಎಂಬ ಹಸಿರು ಗುರುತು.

“ಹೇಳಿದವರದು ತಪ್ಪೋ, ಒಪ್ಪಿಕೊಂಡವರದೋ, ಮಾಡಿದವರದೋ? ಮೂವರಲ್ಲಿ ಪೊರುಪ್ಪು ಯಾರದು ಅಂತಲೇ ತಿಳಿಯುತ್ತಿಲ್ಲ ಮಾದಣ್ಣ” ಎಂದು ನಾನು ಗಂಭೀರವಾಗಿ ವಿವರಿಸತೊಡಗಿದೆ.

“ಮೂವರಲ್ಲ ಮೇಷ್ಟ್ರೇ, ನಾಕು ಜನ” ಅಂದ ಮಾದಪ್ಪ. “ನಾನ್ ಯೋಳಿದ್ದು ಯಾರ್ಗೆ? ಫೋನ್ಗಾ? ಲೆಕ್ಕದ ಮೇಷ್ಟ್ರಾಗಿ ಎಣಿಕೆ ತಪ್ಬಾರ್ದು.”

ಇನ್ನೆರಡು ಬೋಲ್ಟು ಬಿಗಿಯುವುದು ಉಳಿದಿತ್ತು. ಅವನು ಮತ್ತೆ ಇಳಿಯಲು ಎದ್ದ. ಈ ಸಲವಾದರೂ ಮನುಷ್ಯನಾಗೋಣವೆಂದು ನಾನು ಫೋನನ್ನು ನೆಲದ ಮೇಲಿಟ್ಟು ಎರಡೂ ಕೈ ಚಾಚಿದೆ. “ಕೊಡು ಮಾದಣ್ಣ, ಫ್ಯೂಸು ನಾನು ಹಿಡಿದುಕೊಂಡಿರುತ್ತೇನೆ. ಅಲ್ಲಾಡುವುದಿಲ್ಲ.”

ಅವನು ನನ್ನ ಬೊಗಸೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. ಫ್ಯೂಸುಗಳನ್ನು ಪಂಚೆಯೊಳಕ್ಕೆ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡ.

“ಬ್ಯಾಡಿ ಮೇಷ್ಟ್ರೇ” ಅಂದ ಮೆಲ್ಲಗೆ, “ನೀವು ಇನ್ಯಾರ್ ಕೈಗಾದ್ರೂ ಕೊಟ್ಬುಟ್ಟೀರಿ.”