ಗುಮಾಸ್ತನ ಸೈಕಲ್ಲಿನ ಮೆತ್ತಗಿನ ಬ್ರೇಕು

ಸೈಕಲ್ ಅಂಗಡಿ ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲಿಯೋರಿಗೆ ಊರ ಸುದ್ದಿ ಹುಡುಕಿಕೊಂಡು ಹೋಗೋ ಕಷ್ಟ ಇಲ್ಲ. ಪಂಚರಾದ ಚಕ್ರದ ಜೊತಿ ತಾನೇ ಉರುಳಿಕೊಂಡು ಬರತೈತಿ. ಕೂಡ್ಲಿಗಿಯೊಳಗ ನಮ್ಮನಿಯವರ ಅಂಗಡಿ ಇದ್ದಷ್ಟು ಕಾಲ ನಾನು ಟೀವಿ ಹಚ್ಚಿದಾಕಿ ಅಲ್ಲ. ಈಗ ಆ ಜಾಗದಾಗ ಮೊಬೈಲ್ ಅಂಗಡಿ ಐತಿ. ಬಂದವರು ತಲಿ ಬಗ್ಗಿಸಿ ನಿಲ್ಲತಾರ, ಒಂದು ಸುದ್ದೀನೂ ಉದುರಂಗಿಲ್ಲ.

ಕೋಳಿ ಮಲಗಿದ ಹ್ಯಾಂಡಲ್

ಬ್ಯಾಂಕಿಗೆ ಹೊಸದಾಗಿ ಬಂದಿದ್ದ, ಮದುವಿ ಆಗದ ಗುಮಾಸ್ತ ಒಬ್ಬ ಒಂದಿನ ಗೇರಿನ ಸೈಕಲ್ ನೂಕಿಕೊಂಡು ಬಂದ. ವರ್ಗ ಆಗಿ ಹೋದ ಯಾರೋ ಸಾಹೇಬರು ಬಿಟ್ಟು ಹೋದದ್ದಂತ. ಹಿತ್ತಲದಾಗ ಬಿದ್ದು ಬಿದ್ದು, ಹ್ಯಾಂಡಲ್ ಮ್ಯಾಲ ಕೋಳಿ ಮಲಗಿದ ಗುರುತು ಇನ್ನೂ ಬೆಳ್ಳಗಿತ್ತು. ಗುಡ್ಡ ಹತ್ತೋ ಸೈಕಲ್ಲಂತ. ಚಕ್ರದ ನಡುವ ತಾಟಿನಂಥ ತಗಡು, ಅದನ್ನ ಕಚ್ಚಿ ಹಿಡಿಯೋ ಬ್ರೇಕು, ಬ್ರೇಕಿಗೆ ತಂತಿ ಬದಲು ಎಣ್ಣಿ ತುಂಬಿದ ನಳಿಗಿ. ಅಂಥದ್ದು ನಮ್ಮೂರಾಗ ಯಾರೂ ಕಂಡಿದ್ದಿಲ್ಲ.

"ಬ್ರೇಕು ಮೆತ್ತಗಾಗೈತ್ರಿ ಕಾಕಾ," ಅಂದ.

ನಮ್ಮನಿಯವರು ಬ್ರೇಕಿನ ಹಿಡಿಕಿ ಒತ್ತಿದರು. ನಾದಿದ ಹಿಟ್ಟು ಒತ್ತಿದಂಗ ಒಳಗ ಹೋತು, ಹೋತು, ಹ್ಯಾಂಡಲ್ಲಿಗೇ ತಾಗಿತು.

"ಇದು ಬ್ರೇಕಲ್ಲಪ್ಪ, ನಮ್ಮ ಮಾವನ ಮಾತು," ಅಂದರು. "ಎಷ್ಟು ಒತ್ತಿದರೂ ಹಿಡಿತಕ್ಕ ಸಿಗಂಗಿಲ್ಲ."

ಅವರ ಮಾವ ಅಂದರೆ ನಮ್ಮಪ್ಪ. ಆವತ್ತು ನಾನು ಸಾರಿಗೆ ಉಪ್ಪು ಹಾಕಲಿಲ್ಲ.

ಎರಡು ಮನಿ ಆಚಿ

ಬ್ರೇಕಿಗೆ ಇಷ್ಟ್ಯಾಕ ಅವಸರ ಅಂತ ಪತ್ತೆ ಹಚ್ಚಾಕ ನನಗ ಒಂದು ಸಂಜಿ ಸಾಕಾತು. ಗುಡ್ಡದ ಓಣಿ ಇಳಿಜಾರಿನಾಗ ಹಿಟ್ಟಿನ ಗಿರಣಿ ಯಜಮಾನರ ಮನಿ. ಅವರ ಮಗಳು ಕಿಟಕಿ ಹತ್ತಿರ ಕುಂತು ಹೊಲಿಗಿ ಹಾಕತಿದ್ದಳು. ಆ ಕಿಟಕಿ ಮುಂದ ಇಳಿದು ಚೈನು ಸರಿ ಮಾಡೋ ನೆವ ಮಾಡಬೇಕು, ಇದು ಗುಮಾಸ್ತನ ಆಸಿ. ಸೈಕಲ್ಲು ಕೇಳಬೇಕಲ್ಲ. ದಿನಾ ಎರಡು ಮನಿ ಆಚಿ, ಹಾಲು ಮಾರೋ ಅಕ್ಕನ ಬಾಗಲ ಮುಂದ ಹೋಗಿ ನಿಲ್ಲತಿತ್ತು. ಆಕಿಗೂ ಮದುವಿಗೆ ಬಂದ ಮಗಳಿದ್ದಳು.

"ಬರ್ರಿ, ದಣದು ಬಂದೀರಿ," ಅಂತ ಆಕಿ ಮಜ್ಜಿಗಿ ಕೊಟ್ಟಳು. ಇವ ನಾಚಿಕೊಂಡು ಕುಡಿದ. ವಾರದಾಗ ಮಜ್ಜಿಗಿ ಹೋಗಿ ಹಾಲು ಬಂತು, ಹಾಲಿಗೆ ಏಲಕ್ಕಿ ಬಿತ್ತು. ಏಲಕ್ಕಿ ಬಿತ್ತು ಅಂದರೆ ಮಾತು ಭಾಳ ಮುಂದಕ್ಕ ಹೋಗೈತಿ ಅಂತಲೇ ಅರ್ಥ. ನಾನಂತೂ ಯಾರಿಗೂ ಹೇಳಲಿಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತವರಿಗಷ್ಟ ಹೇಳಿದೆ.

ಮನಿ ಎಣ್ಣಿ

ಗುಮಾಸ್ತ ಅಳೋ ಮಾರಿ ಮಾಡಿಕೊಂಡು ಬಂದ. "ಕಾಕಾ, ಬರೋ ಸೋಮವಾರ ಹಾಲಿನ ಆಯಮ್ಮ ನಮ್ಮೂರು ಇಟ್ಟಿಗಿಗೆ ಹೋಗಿ ನಮ್ಮಪ್ಪನ ಕೂಡ ಮದುವಿ ಮಾತಾಡ್ತಾಳಂತ. ಹೆಂಗಾರ ಮಾಡಿ ನನ್ನ ಸರಿಯಾದ ಮನಿ ಮುಂದ ನಿಲ್ಲಿಸ್ರಿ."

"ನಡಕೊಂಡು ಹೋಗಾಕ ಏನು ಧಾಡಿ?" ಅಂದೆ ನಾನು.

"ನಡಕೊಂಡು ಹೋಗಿ ನಿಂತರೆ ಯಾಕ ನಿಂತಿ ಅಂತಾರಮ್ಮ. ಸೈಕಲ್ ಕೆಟ್ಟು ನಿಂತರೆ ಯಾರೂ ಕೇಳಂಗಿಲ್ಲ."

ನಮ್ಮನಿಯವರು ಬಿಚ್ಚಿ ನೋಡಿದರು. ನಳಿಗ್ಯಾಗ ಎಣ್ಣಿ ಕಮ್ಮಿ. ನಮ್ಮ ಕಡಿ ಎಣ್ಣಿ ಅಂದರೆ ಒಂದೇ. ನನ್ನ ಅಡಿಗಿ ಮನ್ಯಾಗಿಂದ ಗಾಣದ ಶೇಂಗಾ ಎಣ್ಣಿ ತಂದು ತುಂಬಿದರು. ಆವತ್ತು ಸೈಕಲ್ಲು ಹಾಲಿನ ಅಕ್ಕನ ಮನಿಯನ್ನೂ ದಾಟಿ, ಓಣಿ ಕಡೀಕಿದ್ದ ಮಿರ್ಚಿ ಬಂಡಿಗೆ ಗುದ್ದಿತು. ಬಂಡಿಯವ ಸೋರೋ ಎಣ್ಣಿ ಮೂಸಿ ನೋಡಿ, "ಚೊಲೋ ಎಣ್ಣಿ ಐತಲ್ರಿ, ಯಾವ ಗಾಣದ್ದು?" ಅಂದನಂತ.

ಅಮಾಸಿ ಪೂಜಿ

ಲಾರಿ ಗ್ಯಾರೇಜಿನವರನ್ನ ಕೇಳಿದ ಮ್ಯಾಲ ತಿಳೀತು, ನಳಿಗ್ಯಾಗ ಗಾಳಿ ಹೊಕ್ಕಿತ್ತು. ಗಾಳಿ ಇದ್ದರೆ ಒತ್ತಿದ್ದೆಲ್ಲಾ ಗಾಳಿಗೇ ಹೋಗತೈತಂತ. ನಮ್ಮನಿಯವರು ಹೊಸಪೇಟಿಯಿಂದ ಆ ಬ್ರೇಕಿನದೇ ಎಣ್ಣಿ ತರಿಸಿ, ನಳಿಗಿ ತೊಳೆದು, ದವಾಖಾನಿ ಸಿರಿಂಜಿಲೆ ಏರಿಸಿದರು. ನಾನು ಹಿಡಿಕಿ ಒತ್ತಿ ಹಿಡಿಯೋದು, ಅವರು ತಿರುಪು ಸಡಿಲ ಮಾಡೋದು, ಗಾಳಿ ಗುಳ್ಳಿ ಹೊರಗ ಬರೋದು, ತಿರುಪು ಬಿಗಿ ಆದ ಮ್ಯಾಲ ನಾನು ಕೈ ಬಿಡೋದು. ಮದುವಿ ಆದಾಗಿಂದ ಅಷ್ಟೊತ್ತು ಇಬ್ಬರೂ ಜೋಡಿ ಕುಂತು ಜಗಳ ಆಡದೇ ಇದ್ದದ್ದು ಅವತ್ತೊಂದೇ ದಿನ. ಹಿಡಿಕಿ ಕಲ್ಲಿನಂಗ ಗಟ್ಟಿ ಆತು.

ಆದರೆ ಅವತ್ತು ಅಮಾಸಿ. ಅಮಾಸಿ ದಿನ ಅಂಗಡ್ಯಾಗ ನಿಂತಿದ್ದಕ್ಕೆಲ್ಲಾ ಪೂಜಿ. ನಮ್ಮನಿಯವರು ಮಿಂಚಲಿ ಅಂತ ಬ್ರೇಕಿನ ತಗಡಿಗೆ ಎಣ್ಣಿ ಸವರಿ, ವಿಭೂತಿ ಎಳೆದು, ಕುಂಕುಮ ಹಚ್ಚಿ ಕೊಟ್ಟರು. ಬ್ರೇಕು ಕಚ್ಚೋದು ಅದೇ ತಗಡನ್ನ. ಎಣ್ಣಿ ಮ್ಯಾಲ ಜಾರಿಕೊಂತ, ಕಿರ್ರಂತ ಒದರಿಕೊಂತ ಓಣಿ ಇಳೀತು. ಆ ಸಪ್ಪಳಕ್ಕ ಗಿರಣಿಯವರ ಮಗಳು ಮೊದಲನೇ ಸಲ ಕಿಟಕಿಯಿಂದ ಹೊರಗ ಮಾರಿ ಹಾಕಿದಳು. ಅಷ್ಟರಾಗ ಇವ ಎರಡು ಮನಿ ಆಚಿ ಏಲಕ್ಕಿ ಹಾಲು ಕುಡೀತಿದ್ದ.

ಕಾಲಿಗೆ ಬಿದ್ದದ್ದು

ಹಾಲಿನ ಅಕ್ಕ ಇಟ್ಟಿಗಿಗೆ ಹೋಗೋ ಹಿಂದಿನ ದಿನ ನಮ್ಮನಿಯವರು ತಗಡನ್ನ ಸಾಬೂನು ಹಚ್ಚಿ ತಿಕ್ಕಿ, ಎಣ್ಣಿ ಕುಡಿದಿದ್ದ ಬ್ರೇಕಿನ ಪ್ಯಾಡು ಕಿತ್ತು ಹೊಸವು ಹಾಕಿದರು. ಅಂಗಡಿ ಬಾಗಲ ಎಳಕೊಂಡು ಇಬ್ಬರೂ ನೋಡಾಕ ಹೋದಿವಿ. ಇಂಥದ್ದನ್ನ ಇನ್ನೊಬ್ಬರ ಬಾಯಿಂದ ಕೇಳೋದು ನನ್ನ ಜಾಯಮಾನದಾಗ ಇಲ್ಲ.

ಗಿರಣಿ ಯಜಮಾನರು ತಮ್ಮ ಕಟ್ಟಿ ಮುಂದ ನಿಂತು ಎಲಿ ಅಡಿಕಿ ಮೆಲ್ಲತಿದ್ದರು. ಗುಮಾಸ್ತ ಇಳಿಜಾರಿನಾಗ ಬಂದ. ಹಳೇ ರೂಢಿ ನೋಡ್ರಿ, ಜೀವ ಬಿಟ್ಟು ಎರಡೂ ಹಿಡಿಕಿ ಒತ್ತಿದ. ಸೈಕಲ್ಲು ಅಲ್ಲೇ ನಿಂತಿತು. ಇವ ನಿಲ್ಲಲಿಲ್ಲ. ಹ್ಯಾಂಡಲ್ ಮ್ಯಾಲಿಂದ ಹಾರಿ, ಎರಡೂ ಕೈ ಚಾಚಿ, ಯಜಮಾನರ ಕಾಲ ಬುಡಕ್ಕ ಉದ್ದಕ ಬಿದ್ದ. ಹಣಿ ಅವರ ಚಪ್ಪಲಿ ಮ್ಯಾಲ.

ಯಜಮಾನರು ಕಾಲು ಹಿಂದಕ್ಕ ಎಳಕೊಳ್ಳಲಿಲ್ಲ. ಬಾಯಾಗಿನ ಎಲಿ ಬದಿಗೆ ಉಗುಳಿ, "ಏಳಪ್ಪ," ಅಂದರು. "ಮಗಳಿಗೆ ಎಷ್ಟೋ ಗಂಡು ಬಂದು ಹೋದವು. ಎಲ್ಲಾರೂ ಕುರ್ಚಿ ಮ್ಯಾಲ ಕುಂತು ಕೇಳಿದರು. ಇಷ್ಟು ಉದ್ದ ಬಿದ್ದು ಕೇಳಿದವ ನೀನೊಬ್ಬನ."

ಇವನ ಬಾಯಿ ತುಂಬ ಮಣ್ಣು. ಹೌದು ಅನ್ನಾಕ ಆಗದೆ ಗೋಣು ಹಾಕಿದ. ಒಳಗ ಹೊಲಿಗಿ ಮಷೀನು ಗಪ್ಪನ ನಿಂತಿತು. ಆಚಿ ಬಾಗಲಾಗ ಲೋಟ ಹಿಡಿದು ನಿಂತಿದ್ದ ಹಾಲಿನ ಅಕ್ಕ, ಆ ಹಾಲನ್ನ ತಾನೇ ಕುಡಿದು ಒಳಗ ಹೋದಳು.

ನಮ್ಮನಿಯವರು ಓಡಿ ಹೋದರು. ಹುಡುಗನ್ನ ಎತ್ತತಾರ ಅಂತ ನಾನು ಅಂದುಕೊಂಡೆ. ಅವನ್ನ ದಾಟಿ ಹೋಗಿ ಸೈಕಲ್ ಎತ್ತಿ, ಹಿಡಿಕಿ ಒಂದು ಸಲ ಒತ್ತಿ ನೋಡಿ, ನೆರೆದ ಮಂದಿ ಕಡಿ ತಿರುಗಿ ಹೇಳಿದರು: "ಎಲ್ಲಾರೂ ನೋಡಿದ್ರಲ್ಲ, ಹಿಡೀತು."