ಬಂಗುಡೆಯ ಸುದ್ದಿಯನ್ನು ಗೋಡೆಗೇರಿಸಿದ ಸರ್ವರ್ ಮಹಾಶಯರಿಗೆ

ಮಾನ್ಯರೇ,

ಮೂಡುಬಿದಿರೆಯ ನಮ್ಮ ಹೆಣ್ಮಕ್ಕಳ ಹಾಸ್ಟೆಲಿನ ಆಫೀಸಿನಲ್ಲಿ ಏ.ಸಿ. ಗಾಳಿ ಸೇವಿಸುತ್ತಾ, ಹಸಿರು ಕಣ್ಣು ಮಿಟುಕಿಸುತ್ತಾ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ವಯರುಗಳಿಗೆ, ಬೆಳ್ತಂಗಡಿಯ ಸಾತ್ವಿಕಾ ಮಾಡುವ ನಮಸ್ಕಾರಗಳು. ನಾವೆಲ್ಲ ಬೆವರುತ್ತಾ ಮಲಗುವ ಈ ಕಟ್ಟಡದಲ್ಲಿ ತಮಗೊಬ್ಬರಿಗೇ ತಂಪು ಸಿಕ್ಕಿರುವುದಕ್ಕೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಇದ್ದರೂ ಇಲ್ಲಿ ಹೇಳುವುದಿಲ್ಲ.

ತಾವು ಬಲ್ಲಂತೆ ನಮ್ಮ ಹಾಸ್ಟೆಲಿನಲ್ಲಿ ಮೀನು ನಿಷಿದ್ಧ, ಸಿಕ್ಕಿಬಿದ್ದರೆ ಸೀಟು ರದ್ದು. ಆದರೂ ನನ್ನ ರೂಮ್‌ಮೇಟ್ ರಾಫಿಯಾಳ ತಾಯಿ ಝೈನಬಮ್ಮ ಬಂಟ್ವಾಳದಲ್ಲಿ ಬಂಗುಡೆ ಕಾಯಿಸಿ, ಡಬ್ಬಿಯಲ್ಲಿ ತುಂಬಿಸಿ, ಮಗಳ ಬಟ್ಟೆಯೆಂದು ಹೇಳಿ ಶನಿವಾರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತಾರೆ. ಡಬ್ಬಿ ಬಂದ ಕೂಡಲೇ ನಮ್ಮ ಬಳಗದ ಕಂಪ್ಯೂಟರುಗಳಿಗೆ ನೆಟ್‌ವರ್ಕಿನಲ್ಲಿ ಒಂದು ಸಾಲಿನ ಸಂದೇಶ ಬಿಡುವುದು ನನ್ನ ಪಾಲಿನ ಕೆಲಸ. ಅದನ್ನು ತುಳುವಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇನೆ. ಹೊಸದಾಗಿ ಬಂದ ದಾವಣಗೆರೆಯ ವಾರ್ಡನ್ ಮೇಡಂಗೆ ತುಳುವಿನ ಗಂಧಗಾಳಿಯಿಲ್ಲದ ಕಾರಣ ಅದಕ್ಕಿಂತ ಭದ್ರವಾದ ಬೀಗ ಬೇರೆ ಇಲ್ಲವೆಂದು ನಂಬಿದ್ದೆವು.

ಕಳೆದ ಶನಿವಾರ ಒಂದೊಂದೇ ಕಂಪ್ಯೂಟರಿನ ಹೆಸರು ಬರೆಯಲು ಉದಾಸೀನವಾಗಿ ಹೆಸರಿನ ಜಾಗದಲ್ಲಿ ನಕ್ಷತ್ರದ ಚಿಹ್ನೆ ಒತ್ತಿದೆ. ನಕ್ಷತ್ರವೆಂದರೆ ಎಲ್ಲರಿಗೂ ಎಂದು ನನಗೂ ಗೊತ್ತುಂಟು. ಆದರೆ ನಮ್ಮ ಕಡೆ ಎಲ್ಲರೂ ಬನ್ನಿ ಎಂದು ಕರೆದರೆ, ಯಾರು ಬರಬೇಕು, ಯಾರು ಕೇಳಿಯೂ ಕೇಳದ ಹಾಗೆ ಇರಬೇಕು ಎಂಬುದು ಕೇಳಿಸಿಕೊಂಡವರಿಗೇ ತಿಳಿಯುತ್ತದೆ. ಅಷ್ಟು ಮರ್ಯಾದೆ ತಮಗೂ ಉಂಟೆಂದು ಭಾವಿಸಿದ್ದೆ ಮಾರಾಯರೇ. ತಾವಾದರೋ ಸಮಾನತೆಯ ಸಾಕ್ಷಾತ್ ಅವತಾರ! ಹಾಸ್ಟೆಲಿನ ಅಷ್ಟೂ ಕಂಪ್ಯೂಟರುಗಳಿಗೆ ಹಂಚಿದ್ದು ಸಾಲದೆ, ತಪಾಸಣಾ ಸಮಿತಿಯವರಿಗೆ ಮೇಡಂ ಗ್ರಂಥಾಲಯದ ಚಿತ್ರ ತೋರಿಸುತ್ತಿದ್ದ ಆಫೀಸಿನ ಪ್ರೊಜೆಕ್ಟರಿಗೂ ಕಳಿಸಿ, ಗೋಡೆಯ ಮೇಲೆ ಗ್ರಂಥಾಲಯದ ನೆತ್ತಿಗೇ ಅಂಟಿಸಿದಿರಿ: "ರಾಫಿಯನ ಇಲ್ಲಡ್ದ್ ಬಂಗುಡೆ ಬೈದ್ಂಡ್. ವಾರ್ಡನ್ ಮೀಟಿಂಗ್‌ಡ್ ಉಲ್ಲೆರ್. ಬೇಗ ಬಲೆ." ರಾಫಿಯಾಳ ಮನೆಯಿಂದ ಬಂಗುಡೆ ಬಂದಿದೆ, ವಾರ್ಡನ್ ಮೀಟಿಂಗಿನಲ್ಲಿದ್ದಾರೆ, ಬೇಗ ಬನ್ನಿ ಎಂದು. ಕೆಳಗೆ ಯಾರೂ ಕೇಳದಿದ್ದರೂ ನಮ್ಮ ಕೊಠಡಿಯ ನಂಬ್ರವನ್ನೂ ದಯಪಾಲಿಸಿದಿರಿ.

ನಮ್ಮಿಬ್ಬರಿಗೂ ಕರೆ ಬಂತು. ರಾಫಿಯಾ ಮನೆಯಿಂದ ಓಡಾಡುವ ಹಾಗಿಲ್ಲ, ಬಂಟ್ವಾಳದಿಂದ ಮೊದಲ ಬಸ್ಸು ಬರುವಾಗ ನಮ್ಮ ಬೆಳಗಿನ ಲ್ಯಾಬ್ ಮುಗಿದಿರುತ್ತದೆ. ಹಾಸ್ಟೆಲ್ ಸೀಟು ಹೋದರೆ ರಾಫಿಯಾಳ ಹಾಜರಿ ಹೋಯಿತು, ಹಾಜರಿ ಹೋದರೆ ಡಿಗ್ರಿಯೇ ಹೋಯಿತು. ಅವಳ ಮುಖ ನೋಡಿ ನನಗೆ ಅಳುವೇ ಬಂತು. ಇದು ಯಾವ ಭಾಷೆ, ಏನು ಅರ್ಥ ಎಂದು ಮೇಡಂ ಕೇಳಿದರು. ಆಗ ಸಮಿತಿಯ ಹಿರಿಯರಾದ ಮುಂಡಪ್ಪ ಸರ್, ಅಷ್ಟು ಹೊತ್ತು ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದವರು, ತಾನು ಹುಟ್ಟಿದ್ದು ಇಲ್ಲೇ ತೋಡಾರಿನಲ್ಲಿ ಎಂದು ಹೇಳಿ, ಕನ್ನಡಕ ಒರೆಸಿಕೊಂಡು ಗೋಡೆಯನ್ನು ನಿಧಾನಕ್ಕೆ ಓದಿದರು.

"ಒಟ್ಟಿಗೆ ಕೂತು ಓದುವ, ಬನ್ನಿ ಅಂತ ಮಕ್ಕಳು ಕರೆದಿದ್ದಾರೆ ಮೇಡಂ. ಒಳ್ಳೆಯ ಪದ್ಧತಿ."

ಉಳಿದ ಸದಸ್ಯರು ತಲೆದೂಗಿದರು. ಮೇಡಂ ರಾಫಿಯಾಳ ಬೆನ್ನು ತಟ್ಟಿದರು. ಹೊರಡುವಾಗ ಮುಂಡಪ್ಪ ಸರ್ ಕಾರಿನ ಬಾಗಿಲ ಬಳಿ ನಮ್ಮನ್ನು ಕರೆದು, ತನಗೆ ಎರಡು ಕಟ್ಟಿ ಕೊಡಿ ಎಂದು ಮೆಲ್ಲಗೆ ತುಳುವಿನಲ್ಲೇ ಕೇಳಿದರು. ಕೊಡದೆ ಇರಲಿಕ್ಕೆ ಆಗುತ್ತದಾ? ಅವರಿಗೆ ಕೊಟ್ಟು ಕೊಠಡಿಗೆ ಬಂದರೆ, ತಮ್ಮ ಆಮಂತ್ರಣ ಕಂಡು ಎಲ್ಲ ಮಹಡಿಗಳಿಂದ ಬಂದ ಅತಿಥಿಗಳು ಡಬ್ಬಿಯ ತಳದ ಮಸಾಲೆಯನ್ನೂ ಬೆರಳಲ್ಲಿ ಬಳಿಯುತ್ತಿದ್ದರು.

ಆದ್ದರಿಂದ ತಾವು ದಯಮಾಡಿ ಒಂದು ಸೆಮಿಸ್ಟರ್ ಮಟ್ಟಿಗಾದರೂ ತುಳು ಕಲಿತು, ಮೀನಿನ ವಿಷಯ ಕಂಡಾಗ ಆ ಹಸಿರು ಕಣ್ಣನ್ನು ಮುಚ್ಚಿಕೊಳ್ಳಬೇಕಾಗಿಯೂ, ಅದು ಸಾಧ್ಯವಿಲ್ಲದಿದ್ದರೆ ಶನಿವಾರ ಮಧ್ಯಾಹ್ನ ಸೌಖ್ಯವಿಲ್ಲವೆಂದು ರಜೆ ಹಾಕಬೇಕಾಗಿಯೂ ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಸಾತ್ವಿಕಾ

ತಾ.ಕ.: ನಮ್ಮ ಓದಿನ ಆಸಕ್ತಿಗೆ ಮನಸೋತ ವಾರ್ಡನ್ ಮೇಡಂ ಇನ್ನು ಮೇಲೆ ಪ್ರತಿ ಶನಿವಾರ ನಮ್ಮ ಕೊಠಡಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುವುದೆಂದು ತೀರ್ಮಾನವಾಗಿದೆ. ಇವತ್ತು ಬಂಗುಡೆ ಮಂಚದಡಿಯಲ್ಲಿ ತಣ್ಣಗಾಗುತ್ತಿರುವಾಗ ನಾವಿಬ್ಬರೂ ಅವರ ಎದುರು ಸಂಜೆಯವರೆಗೆ ಸಂಖ್ಯಾಶಾಸ್ತ್ರ ಓದಿದೆವು. ಎಲ್ಲವೂ ಅರ್ಥವಾಯಿತು. ಇದಕ್ಕಾಗಿ ತಮ್ಮನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.