ಅವ್ವನ ಕಣಕ್ಕೆ ರಂಟೆ ಹೊಡೆಸಿದ್ದು

ನಮ್ಮ ಮನೆತನದಲ್ಲಿ ಗಟ್ಟಿ ಎನ್ನಬಹುದಾದದ್ದು ಎರಡೇ: ಒಂದು ಅವ್ವನ ಮಾತು, ಇನ್ನೊಂದು ಕುಕನೂರಿನ ಹೊಲದಲ್ಲಿರುವ ಅವಳ ಕಣ. ಕೊಪ್ಪಳದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಎರಡನ್ನೂ ಮೆತ್ತಗೆ ಮಾಡಲು ಹೋದೆನಲ್ಲ, ನನ್ನ ಧೈರ್ಯಕ್ಕೆ ಏನು ಹೇಳಲಿ. ಮುತ್ತಜ್ಜನ ಕಾಲದಿಂದ ಅದೇ ಜಾಗದಲ್ಲಿ ಎತ್ತುಗಳು ಸುತ್ತು ಹಾಕಿ ತೆನೆ ತುಳಿದಿದ್ದವು, ಕಾಳು ಬಿಡಿಸುವ ರೋಣಗಲ್ಲು ಉರುಳಿ ನೆಲ ಕಲ್ಲಾಗಿತ್ತು. ಈಗ ರಾಶಿಗೆ ಮಿಷನ್ ಬರುತ್ತದೆ. ಇಷ್ಟು ಜಾಗ ಯಾಕೆ ಖಾಲಿ ಎಂದು ಕಣದ ಒಂದು ಮೂಲೆಗೆ ಮೇಲುಮೇಲೆ ಕುಂಟೆ ಹೊಡೆಸಿ ಜೋಳ ಬಿತ್ತಿದೆ. ಉಳಿದ ಹೊಲ ಎದೆಮಟ್ಟ ಬಂತು, ಇದು ಮೊಳಕಾಲಿಗೆ ಬಂದು ಕೂತುಬಿಟ್ಟಿತು. ಒಂದು ಗಿಡ ಕಿತ್ತು ನೋಡಿದರೆ, ಬೇರು ಗೇಣುದ್ದ ಇಳಿದು, ಬೀಗ ಹಾಕಿದ ಮನೆ ಕಂಡ ನೆಂಟನ ಹಾಗೆ ಪಕ್ಕಕ್ಕೆ ತಿರುಗಿತ್ತು.

"ಆಳಕ್ಕ ಸೀಳಿಸಿದ್ರ ಇಲ್ಲೂ ಬೆಳಿ ಬರ್ತೈತವ್ವಾ" ಎಂದೆ.

"ಲಕ್ಷ್ಮಿ ಕುಂತ ಜಾಗಕ್ಕ ರಂಟಿ ಹೊಡಸ್ತೀಯೇನು? ಆತು, ಹೊಡಸು. ಬೆಳಿ ಬರದಿದ್ರ ಎತ್ತಿನ ಬದ್ಲು ನೀನ ಸುತ್ತ ಹಾಕಿ ನನಗ ಕಣಾ ಮಾಡಿ ಕೊಡಬೇಕು ನೋಡು" ಎಂದಳು. ಓಣಿಗೆಲ್ಲ ಕೇಳುವಂತೆ ಹೇಳಿದ್ದಳು, ಒಪ್ಪದೆ ಗತಿ ಇರಲಿಲ್ಲ.

ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಹುಸೇನಸಾಬರು ಇಡೀ ಕಣವನ್ನು ಆಳಕ್ಕೆ ಸೀಳಲು ಉದ್ದ ಹಲ್ಲಿನ ರಂಟೆ ಕಟ್ಟಿಕೊಂಡು ಬಂದರು. ಮೊದಲ ಸಾಲಿಗೇ ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು. "ಸರ, ಇದು ಹೊಲಾನೋ ಡಾಂಬರ ರೋಡೋ?" ಎಂದರು. ಆಮೇಲೆ ನೆಲ ಸೀಳಿತು ನೋಡಿ, ಕುಂಬಳಕಾಯಿಯಂಥ ಹೆಂಟೆಗಳು ಎದ್ದವು. ಅವ್ವ ಸೆರಗು ಬಾಯಿಗೊತ್ತಿ ನಿಂತಿದ್ದಳು. ನನಗೂ ಒಳಗೊಳಗೆ ಅಳುಕು.

ಮೊದಲ ಮಳೆ ನಿಂತೊಡನೆ ಇಬ್ಬರೂ ಹೊಲಕ್ಕೆ ಓಡಿದೆವು. ಪ್ರತಿ ವರ್ಷ ಕಣದ ಮೇಲೆ ನಿಲ್ಲುತ್ತಿದ್ದ ನೀರು ಎಲ್ಲೂ ಇಲ್ಲ, ಅಷ್ಟನ್ನೂ ಭೂಮಿ ಕುಡಿದುಬಿಟ್ಟಿತ್ತು. ಮುತ್ತಜ್ಜನ ಕಾಲದಿಂದ ಇದು ಬಾಯಾರಿ ಕೂತಿತ್ತೇ ಎನಿಸಿತು. ಹಿಂಗಾರಿಗೆ ಬಿತ್ತಿದ ಜೋಳ ನನ್ನ ತಲೆ ದಾಟಿತು. ಮಳೆ ಹೋಗಿ ಎಷ್ಟೋ ದಿನವಾದರೂ ಎಲೆ ಬಾಡಲಿಲ್ಲ. ಅವ್ವ ಒಂದು ಗಿಡ ಕೀಳಲು ಹೋದಳು, ಬರಲಿಲ್ಲ. ನಾನೂ ಕೈ ಹಾಕಿದೆ, ಅಲ್ಲಾಡಲಿಲ್ಲ. ಅವಳು ತೆನೆ ಮುಟ್ಟಿ ಕೈಮುಗಿದಳು.

"ಲಕ್ಷ್ಮಿ ಎಲ್ಲೂ ಹೋಗಿಲ್ಲ ಬಿಡು. ಕೆಳಗ ಇಳದಾಳ, ಅಷ್ಟ" ಎಂದಳು.

ನಾನು ಗೆದ್ದೆನೆಂದು ಬೀಗಿದ್ದು ಸುಗ್ಗಿಯವರೆಗೆ. ತೆನೆ ಕೊಯ್ದ ದಿನ ಅವ್ವ ಕೇಳಿದಳು: "ಎಲ್ಲಾ ಛಲೋ ಆತು. ಮಿಷನ್ ಬರೂತನಕಾ ಇವನ್ನ ಎಲ್ಲಿ ಒಣಗಸ್ತೀಯೋ?"

ಬಿರುಕುಬಿಟ್ಟ ಎರೆ ನೆಲದ ಮೇಲೆ ಹರಡಿದರೆ ಉದುರಿದ ಕಾಳೆಲ್ಲ ಬಿರುಕಿನ ಪಾಲು. ಎತ್ತುಗಳನ್ನು ಮಾರಿ ಎಷ್ಟೋ ಕಾಲವಾಗಿದೆ. ಹೀಗಾಗಿ ಹೊಸ ಕಣ ಮಾಡಲು ಹೊಲದ ಇನ್ನೊಂದು ಮೂಲೆಗೆ ನೀರು ಚಿಮುಕಿಸಿ, ಪಂಥ ಗೆದ್ದ ನಾನೇ ಸುತ್ತು ಹಾಕುತ್ತಿದ್ದೇನೆ. ಅವ್ವ ಬದುವಿನ ಮೇಲೆ ಕೂತು, "ಇನ್ನೂ ಗಟ್ಟಿ ತುಳಿಯೋ" ಎನ್ನುತ್ತಿದ್ದಾಳೆ.